ಕಂಟ್ರೋಲ್ ರೂಂನಿಂದ ಥ್ರಿಲ್ಲರ್‌ಗೆ: ನನ್ನ ಅನುಭವ

ವಿಪತ್ತು ನಿರ್ವಹಣೆಯಲ್ಲಿ ಇರುವ ಗೆಳೆಯರು ಆಗಾಗ ಕೇಳುತ್ತಾರೆ, ನಾವೂ ಕಾದಂಬರಿ ಬರೀಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು ಅಂತ. ನೀವು ಆಗಲೇ ಶುರು ಮಾಡಿದ್ದೀರಿ. ಟೇಬಲ್‌ಟಾಪ್ ಅಣಕು ಅಭ್ಯಾಸಕ್ಕೆ ಸನ್ನಿವೇಶ ತಯಾರು ಮಾಡಿದ್ದೀರಿ ಅಲ್ವಾ? ನನ್ನ ಮೊದಲ ಥ್ರಿಲ್ಲರ್ ಹುಟ್ಟಿದ್ದೇ ಅಲ್ಲಿ.

ಆ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅಗ್ನಿಶಾಮಕ, ಪೊಲೀಸ್, ಆಸ್ಪತ್ರೆ, ವಿದ್ಯುತ್, ಎಲ್ಲ ಇಲಾಖೆಯವರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಒಂದೊಂದೇ ಚೀಟಿ ಕೊಡುತ್ತಾ ಹೋಗುತ್ತೇವೆ. ಅದಕ್ಕೆ ಇಂಜೆಕ್ಟ್ ಅಂತಾರೆ. ‘ಅಣೆಕಟ್ಟಿನ ಬುಡದಲ್ಲಿ ನೀರು ಜಿನುಗುತ್ತಿದೆ’ ಅಂತ ಮೊದಲ ಚೀಟಿ. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತಿಗೆ ಎರಡನೇ ಚೀಟಿ: ‘ನೀರು ಕೆಂಪಗೆ ಬರುತ್ತಿದೆ.’ ಬಲ್ಲವರು ಎದ್ದು ಕೂರುತ್ತಾರೆ, ಯಾಕಂದ್ರೆ ನೀರು ಕೆಸರಾಗಿದೆ ಅಂದ್ರೆ ಒಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಅಂತ ಅರ್ಥ. ಯಾವ ಚೀಟಿ ಯಾವಾಗ ಕೊಡಬೇಕು, ಯಾವುದನ್ನು ತಡೆದು ಹಿಡಿಯಬೇಕು, ಯಾವುದು ಬೇಕಂತಲೇ ತಪ್ಪು ಸುದ್ದಿ ಆಗಿರಬೇಕು ಅನ್ನುವುದನ್ನು ಕಲಿತವರಿಗೆ ಕಥೆಯ ಓಟ ಹೇಗಿರಬೇಕು ಅಂತ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಇದು ಬರೀ ಕಲ್ಪನೆಯಲ್ಲ. 1976ರ ಜೂನ್ 5ರಂದು ಅಮೆರಿಕದ ಐಡಹೊದಲ್ಲಿ ಟೀಟನ್ ಅಣೆಕಟ್ಟು ಒಡೆದದ್ದು ಹೀಗೇ. ಮೊದಲ ಸಲ ನೀರು ತುಂಬಿಸುತ್ತಿದ್ದರು. ಬೆಳಿಗ್ಗೆ ಸೋರಿಕೆ ಕಂಡಿತು, ರಂಧ್ರ ಮುಚ್ಚಲು ಬುಲ್ಡೋಜರ್ ಇಳಿಸಿದರು, ರಂಧ್ರ ಆ ಬುಲ್ಡೋಜರ್‌ಗಳನ್ನೇ ನುಂಗಿತು, ಚಾಲಕರನ್ನು ಹೇಗೋ ಎಳೆದು ಉಳಿಸಿಕೊಂಡರು. ಮಧ್ಯಾಹ್ನ 12 ಆಗುವಷ್ಟರಲ್ಲಿ ಅಣೆಕಟ್ಟೇ ಒಡೆದುಹೋಗಿತ್ತು. ಓದುಗರಿಗೆ ನೀರಿನ ಗೋಡೆ ತೋರಿಸಬೇಕು ಅಂತ ಎಲ್ಲರಿಗೂ ಆಸೆ. ನನಗೆ ಬೇಕಾದದ್ದು ಅದಕ್ಕೂ ಮುಂಚಿನ ಆ ಬೆಳಗ್ಗೆ. ಯಾರು ಯಾರಿಗೆ ಫೋನ್ ಮಾಡಿದರು? ಊರು ಖಾಲಿ ಮಾಡಿಸಿ ಅಂತ ಹೇಳುವ ಅಧಿಕಾರ ಯಾರದು? ಅರ್ಧ ಮಾಹಿತಿ ಕೈಯಲ್ಲಿ ಹಿಡಿದು ಪೂರ್ತಿ ನಿರ್ಧಾರ ಮಾಡಬೇಕಾದ ಆ ಹೊತ್ತನ್ನು ನಾವು ಒಳಗಿಂದ ಬಲ್ಲೆವು. ನಮ್ಮ ಬಂಡವಾಳ ಅದೇ.

ಬರೆಯುವಾಗ ನಾನು ಲಾಗ್ ಬುಕ್ಕಿನ ರೂಪದಲ್ಲೇ ಶುರು ಮಾಡುತ್ತೇನೆ. ಉದಾಹರಣೆಗೆ, ‘2:40, ಪಂಪ್‌ಹೌಸ್ ಉತ್ತರವಿಲ್ಲ. 2:47, ಉತ್ತರವಿಲ್ಲ. 2:55, ಗಾಡಿ ಕಳಿಸಿದೆ.’ ಇಷ್ಟೇ. ಆಮೇಲೆ ಆ ಹದಿನೈದು ನಿಮಿಷದೊಳಗೆ ಹೋಗಿ ಕೂರುತ್ತೇನೆ. ಫೋನ್ ಹಿಡಿದವಳ ಕಣ್ಣು ಗಡಿಯಾರದ ಮೇಲೆ. ಪಕ್ಕದವನು ‘ನಿದ್ದೆ ಮಾಡ್ತಿರ್ಬೇಕು ಬಿಡಿ ಮೇಡಂ’ ಅಂತಾನೆ. ಅವಳಿಗೆ ಅದು ನಿಜವಾಗಿರಲಿ ಅನಿಸುತ್ತದೆ, ಆದರೂ ಇರುವ ಒಂದೇ ಗಾಡಿಯನ್ನು ಅತ್ತ ಕಳಿಸುತ್ತಾಳೆ. ಈಗ ಬೇರೆ ಕಡೆಯಿಂದ ಕರೆ ಬಂದರೆ ಕಳಿಸಲು ಏನೂ ಇಲ್ಲ. ಒಂದು ಅಧ್ಯಾಯ ಸಿಕ್ಕಿತು.

ಪಾತ್ರಗಳು ಜಾಸ್ತಿಯಾಗದಂತೆ ನೋಡಿಕೊಳ್ಳಲೂ ವೃತ್ತಿಯ ಸೂತ್ರವೇ ಸಾಕಾಯಿತು. 1970ರ ಕ್ಯಾಲಿಫೋರ್ನಿಯಾ ಕಾಡ್ಗಿಚ್ಚುಗಳ ನಂತರ ರೂಪುಗೊಂಡ ಇನ್ಸಿಡೆಂಟ್ ಕಮಾಂಡ್ ಸಿಸ್ಟಂನಲ್ಲಿ (ಅವಘಡದ ಹೊತ್ತಲ್ಲಿ ಯಾರು ಯಾರ ಮಾತು ಕೇಳಬೇಕು ಅಂತ ಗೊತ್ತು ಮಾಡುವ ವ್ಯವಸ್ಥೆ) ಒಬ್ಬರ ಕೈಕೆಳಗೆ 3ರಿಂದ 7 ಜನ ಇರಬಹುದು, 5 ಆದರೆ ಸರಿ ಅಂತ ಲೆಕ್ಕ. ನನ್ನ ನಾಯಕಿ ಕೂಡ ಒಂದು ಹೊತ್ತಿಗೆ ಐದು ಜನರ ಜೊತೆ ಮಾತ್ರ ವ್ಯವಹರಿಸುತ್ತಾಳೆ. ಓದುಗರ ತಲೆಯಲ್ಲೂ ಅಷ್ಟೇ ಜನ ಉಳಿಯುವುದು.

ಇನ್ನೊಂದು ವಿಷಯದಲ್ಲಿ ನಾನು ತುಂಬಾ ಹಟಮಾರಿ. ಸೈರನ್ ಕೂಗಿದ ತಕ್ಷಣ ಜನ ಕಿರುಚಿಕೊಂಡು ಒಬ್ಬರನ್ನೊಬ್ಬರು ತುಳಿದು ಓಡುವ ದೃಶ್ಯ ನಾನು ಸುಮ್ಸುಮ್ನೆ ಬರೆಯುವುದಿಲ್ಲ. ಸಮಾಜಶಾಸ್ತ್ರಜ್ಞ ಎನ್ರಿಕೊ ಕ್ವಾರಂಟೆಲ್ಲಿ ದಶಕಗಳ ಕಾಲ ಅಧ್ಯಯನ ಮಾಡಿ ತೋರಿಸಿದ್ದು, ಅಂಥ ದಿಗಿಲು ಅಪರೂಪ ಅಂತ. ಜನ ಸಾಮಾನ್ಯವಾಗಿ ಮೊದಲು ಖಾತ್ರಿ ಮಾಡಿಕೊಳ್ಳುತ್ತಾರೆ. ಕಿಟಕಿಯಿಂದ ನೋಡುತ್ತಾರೆ, ಟಿವಿ ಹಾಕುತ್ತಾರೆ, ಅಕ್ಕನಿಗೆ ಫೋನ್ ಮಾಡುತ್ತಾರೆ. ಮೇಲಿನಿಂದ ನೀರು ಬರುತ್ತಿರುವುದು ಗೊತ್ತಿರುವ ಓದುಗರಿಗೆ ಈ ನಿಧಾನವೇ ಹೆಚ್ಚು ಭಯ ಹುಟ್ಟಿಸುತ್ತದೆ.

ಎಡವಟ್ಟು ಕೂಡ ಸಣ್ಣ ಜಾಗದಲ್ಲೇ ಇರುತ್ತದೆ. 2018ರ ಜನವರಿ 13ರಂದು ಹವಾಯಿಯಲ್ಲಿ ಕ್ಷಿಪಣಿ ಬರುತ್ತಿದೆ ಅಂತ ಎಲ್ಲರ ಮೊಬೈಲಿಗೂ ಸಂದೇಶ ಹೋಯಿತು. ನಿಜಕ್ಕೂ ನಡೆಯುತ್ತಿದ್ದದ್ದು ಶಿಫ್ಟ್ ಬದಲಾಗುವ ಹೊತ್ತಿನ ಅಣಕು ಅಭ್ಯಾಸ. ಸುಳ್ಳು ಅಂತ ತಿದ್ದುವ ಸಂದೇಶ ಫೋನಿಗೆ ಬರಲು 38 ನಿಮಿಷ ಬೇಕಾಯಿತು. ಖಳನಾಯಕನೇ ಇಲ್ಲ, ಆದರೂ ಉಸಿರು ಬಿಗಿ ಹಿಡಿದು ಓದುತ್ತೇವೆ. ಶಿಫ್ಟ್ ಬದಲಾವಣೆಯಲ್ಲಿ ಕೈತಪ್ಪುವ ಮಾಹಿತಿ ನನ್ನ ಪ್ರತಿ ಕಥೆಯಲ್ಲೂ ಎಲ್ಲೋ ಒಂದು ಕಡೆ ಬರುತ್ತದೆ.

ನಿಜವಾದ ಕರೆಗಳನ್ನು ಮಾತ್ರ ನಾನು ಮುಟ್ಟುವುದಿಲ್ಲ. ಫೋನಿನಲ್ಲಿ ಅತ್ತವರು ನಮ್ಮನ್ನು ನಂಬಿ ಅತ್ತವರು, ಅವರ ಮಾತು ನನ್ನ ಪುಸ್ತಕಕ್ಕಲ್ಲ. ಪ್ರವಾಹದಲ್ಲಿ ಕಂಡ ಅಸಹಾಯಕತೆಯನ್ನು ಕಾರ್ಖಾನೆಯ ಬೆಂಕಿಗೆ ಒಯ್ಯುತ್ತೇನೆ, ಊರು, ವಯಸ್ಸು, ಸಂಬಂಧ ಎಲ್ಲ ಬದಲಿಸುತ್ತೇನೆ. ಇನ್ನೂ ಕೆಲಸದಲ್ಲಿ ಇರುವವರು ಕಚೇರಿಯ ನಿಯಮ ಓದಿ, ಲಿಖಿತ ಅನುಮತಿ ತಗೊಂಡು ಮುಂದುವರಿಯಿರಿ.

ಕರಡು ಮುಗಿದ ಮೇಲೆ ಇಬ್ಬರಿಗೆ ಕೊಡುತ್ತೇನೆ, ಒಬ್ಬರು ನಮ್ಮ ಕ್ಷೇತ್ರದವರು, ಇನ್ನೊಬ್ಬರಿಗೆ ಈ ಕ್ಷೇತ್ರದ ಗಂಧವೇ ಇರಬಾರದು. ಎರಡನೆಯವರಿಗೆ ಎಲ್ಲಿ ಬೇಜಾರಾಯಿತೋ ಅಲ್ಲಿ ಕತ್ತರಿ ಹಾಕುತ್ತೇನೆ, ಸರಿಯಾದ ಮಾಹಿತಿಯಾದರೂ ಸರಿ. ಜೀವದ ಪ್ರಶ್ನೆ ಬಂದಾಗ ಮಾತ್ರ ರಾಜಿ ಇಲ್ಲ. ಒಮ್ಮೆ ನಾಯಕಿ ನೀರು ಹರಿಯುವ ರಸ್ತೆಯಲ್ಲಿ ಕಾರು ನುಗ್ಗಿಸಿದರೆ ಮಜಾ ಇರುತ್ತೆ ಅಂತ ಸಲಹೆ ಬಂತು. ರಭಸದ ನೀರು ಬರೀ 30 ಸೆಂ.ಮೀ. ಇದ್ದರೂ ಕಾರನ್ನು ಎಳೆದುಕೊಂಡು ಹೋಗಬಲ್ಲದು, ಕಥೆಯಲ್ಲಿ ಓದಿದ್ದನ್ನು ಯಾರಾದರೂ ನಿಜಕ್ಕೂ ಮಾಡಿಬಿಟ್ಟರೆ? ನಾಯಕಿಯನ್ನು ಕಾರಿನಿಂದ ಇಳಿಸಿ ಎತ್ತರದ ಕಡೆ ನಡೆಸಿದೆ. ದೃಶ್ಯ ಇನ್ನೂ ಬಿಗಿಯಾಯಿತು, ಯಾಕಂದ್ರೆ ಈಗ ಅವಳ ಹತ್ತಿರ ವೈರ್‌ಲೆಸ್ ಸೆಟ್ಟೂ ಇಲ್ಲ, ಅದು ಕಾರಿನಲ್ಲೇ ಉಳಿದಿದೆ.