ಮ್ಯಾಕೋ, ವಿಂಡೋಸೋ, ಲಿನಕ್ಸೋ? ಅಂಗಡಿಗೆ ಹೋಗುವ ಮುಂಚೆ ಪ್ರೆಸ್‌ಗೆ ಹೋಗಿ

ಲಗ್ನಪತ್ರಿಕೆ ವಿನ್ಯಾಸ, ಪುಸ್ತಕದ ಪುಟಜೋಡಣೆ, ಮದುವೆ ವಿಡಿಯೋ ಎಡಿಟಿಂಗ್, ಹಾಡಿನ ರೆಕಾರ್ಡಿಂಗ್. ಈ ಕೆಲಸಗಳಿಗೆ ಹೊಸ ಕಂಪ್ಯೂಟರ್ ಕೊಳ್ಳುವವರು ಮೊದಲು ಕೇಳುವುದು ‘ಯಾವುದು ಒಳ್ಳೆಯದು’ ಎಂದು. ಆ ಪ್ರಶ್ನೆಗೆ ಉತ್ತರವಿಲ್ಲ. ‘ನನ್ನ ಫೈಲು ಯಾರ ಕೈಯಿಂದ ಬರುತ್ತದೆ, ಯಾರ ಕೈಗೆ ಹೋಗುತ್ತದೆ’ ಎಂದು ಕೇಳಿಕೊಂಡರೆ ಅರ್ಧಕ್ಕರ್ಧ ತೀರ್ಮಾನ ತಾನಾಗಿಯೇ ಆಗುತ್ತದೆ.

ಹಂತ 1: ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ಕಳೆದ ಮೂರು ತಿಂಗಳಲ್ಲಿ ಮಾಡಿದ ಹತ್ತು ಕೆಲಸಗಳನ್ನು ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಗಿರಾಕಿ ಏನು ಕೊಟ್ಟರು, ನೀವು ಯಾವ ತಂತ್ರಾಂಶ ಬಳಸಿದಿರಿ, ಕೊನೆಗೆ ಯಾವ ರೂಪದಲ್ಲಿ ಒಪ್ಪಿಸಿದಿರಿ ಎಂದು ಬರೆಯಿರಿ. ಆಮೇಲೆ ಆ ತಂತ್ರಾಂಶ ಎಲ್ಲೆಲ್ಲಿ ಓಡುತ್ತದೆ ಎಂದು ನೋಡಿ. ಫೋಟೋಶಾಪ್, ಇಲ್ಲಸ್ಟ್ರೇಟರ್, ಇನ್‌ಡಿಸೈನ್, ಪ್ರೀಮಿಯರ್ ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಇವೆ, ಲಿನಕ್ಸ್‌ನಲ್ಲಿಲ್ಲ. ಕೋರೆಲ್‌ಡ್ರಾ ವಿಂಡೋಸ್‌ನ ಮನೆಮಗ. ಮ್ಯಾಕ್‌ಗೆ ಅದು ಬಹುಕಾಲ ಇರಲೇ ಇಲ್ಲ, ಮರಳಿ ಬಂದದ್ದು 2019ರಲ್ಲಿ. ಫೈನಲ್ ಕಟ್ ಪ್ರೊ, ಲಾಜಿಕ್ ಪ್ರೊ ಎರಡೂ ಆಪಲ್‌ನ ಹೊಸ್ತಿಲು ದಾಟುವುದಿಲ್ಲ. ಡಾವಿಂಚಿ ರಿಸಾಲ್ವ್ (ವಿಡಿಯೋ), ಬ್ಲೆಂಡರ್ (ತ್ರೀಡಿ), ಕ್ರಿಟಾ (ಚಿತ್ರ), ಇಂಕ್‌ಸ್ಕೇಪ್ (ವಿನ್ಯಾಸ), ರೀಪರ್ (ಧ್ವನಿ) ಮೂರೂ ಕಡೆ ಸಿಗುತ್ತವೆ.

ಹತ್ತರಲ್ಲಿ ಏಳು ಕೆಲಸ ಕೋರೆಲ್ ಫೈಲಾಗಿದ್ದರೆ ಮುಂದೆ ಓದುವ ಅಗತ್ಯವೂ ಹೆಚ್ಚೇನಿಲ್ಲ, ವಿಂಡೋಸ್ ತೆಗೆದುಕೊಳ್ಳಿ.

ಹಂತ 2: ಕನ್ನಡದ ಪರೀಕ್ಷೆ

ಇಂಗ್ಲಿಷ್‌ನಲ್ಲಿ ಬರುವ ಯಾವ ಹೋಲಿಕೆ ಲೇಖನದಲ್ಲೂ ಈ ಹಂತ ಸಿಗುವುದಿಲ್ಲ. ಆದರೆ ಕನ್ನಡದಲ್ಲಿ ಕೆಲಸ ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲೇ.

ನಮ್ಮ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟಜೋಡಣೆ) ಲೋಕದಲ್ಲಿ ಇವತ್ತಿಗೂ ಎರಡು ಬಗೆಯ ಕನ್ನಡ ಓಡಾಡುತ್ತಿದೆ. ಒಂದು ಯೂನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ, ಎಲ್ಲ ಯಂತ್ರಗಳಿಗೂ ಅರ್ಥವಾಗುವ ಪದ್ಧತಿ. ಇನ್ನೊಂದು, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ಗಳಂಥ ಆಸ್ಕಿ ಕನ್ನಡ. ಎರಡನೆಯದರಲ್ಲಿ ಫೈಲಿನೊಳಗೆ ಇರುವುದು ಕನ್ನಡವೇ ಅಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅವುಗಳಿಗೆ ಕನ್ನಡದ ವೇಷ ಹಾಕುವುದು ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದವನ್ನು ತೆರೆದರೆ ಇಂಗ್ಲಿಷ್‌ನ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ಚಿಹ್ನೆ, ಕ್ಯೂ ಇವೆಲ್ಲ ಸಾಲಾಗಿ ಕಾಣಿಸುತ್ತವೆ. ಫೈಲ್ ಕೆಟ್ಟಿಲ್ಲ, ವೇಷ ಕಳಚಿದೆ ಅಷ್ಟೆ.

ಆಸ್ಕಿ ಕೆಲಸವೇ ಹೆಚ್ಚಿದ್ದರೆ ವಿಂಡೋಸ್‌ನಲ್ಲೇ ಇರುವುದು ಜಾಣತನ. ನುಡಿಯ ಫಾಂಟ್ ಫೈಲನ್ನು ಮ್ಯಾಕ್‌ನಲ್ಲೂ ಹಾಕಿಕೊಂಡು ಹಳೆಯ ಪುಟ ನೋಡಬಹುದು. ಆದರೆ ಟೈಪ್ ಮಾಡಿಕೊಡುವ ತಂತ್ರಾಂಶ ವಿಂಡೋಸ್‌ಗೆಂದು ಮಾಡಿದ್ದು. ರಾತ್ರಿ ಹತ್ತಕ್ಕೆ ವರನ ಅಜ್ಜನ ಹೆಸರಿನಲ್ಲಿ ಒಂದು ದೀರ್ಘ ತಿದ್ದಬೇಕಾಗಿ ಬಂದಾಗ ಇದು ಅರ್ಥವಾಗುತ್ತದೆ.

ಯೂನಿಕೋಡ್‌ಗೆ ಬಂದಿದ್ದರೆ ಮೂರೂ ಬಾಗಿಲು ತೆರೆದಿವೆ. ಕೀಲಿಮಣೆ ಮಾತ್ರ ನೋಡಿಕೊಳ್ಳಿ. ನುಡಿಯಲ್ಲಿ ಬಳಸುವ ಕಗಪ ಕೀಲಿ ವಿನ್ಯಾಸಕ್ಕೆ ಬೆರಳು ಪಳಗಿದವರಿಗೆ ಲಿನಕ್ಸ್ ಸಲೀಸು, ಅದರ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಹೆಸರಿನಲ್ಲೇ ಅದು ಸಿಗುತ್ತದೆ. ಮ್ಯಾಕ್ ಜೊತೆ ಬರುವ ಕನ್ನಡ ಕ್ವರ್ಟಿ ವಿನ್ಯಾಸ ಕಗಪ ಅಲ್ಲ. ಮೊದಲ ಒಂದೆರಡು ವಾರ ಕೈ ತಡವರಿಸುತ್ತದೆ.

ಈಗ ಪರೀಕ್ಷೆ. ಈ ಸಾಲನ್ನು ನೀವು ಕೊಳ್ಳಬೇಕೆಂದಿರುವ ಯಂತ್ರದ, ನೀವು ಬಳಸುವ ತಂತ್ರಾಂಶದಲ್ಲೇ ಟೈಪ್ ಮಾಡಿ: ‘ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಸೂರ್ಯ, ಸಾಫ್ಟ್‌ವೇರ್’. ‘ಸ್ತ್ರೀ’ ಎಂಬುದು ‘ಸ್‌ತ್‌ರೀ’ ಎಂದು ಒಡೆದರೆ, ‘ಸೂರ್ಯ’ದ ಅರ್ಕಾವತ್ತು ಜಾಗ ತಪ್ಪಿದರೆ, ಅಕ್ಷರ ಜೋಡಿಸುವ ಎಂಜಿನ್ ಕನ್ನಡಕ್ಕೆ ಸಿದ್ಧವಾಗಿಲ್ಲ ಎಂದರ್ಥ. ಇದು ಹೆಚ್ಚಿನ ಸಲ ಕಂಪ್ಯೂಟರಿನ ತಪ್ಪಲ್ಲ, ಸೆಟ್ಟಿಂಗಿನದು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನು ತೆರೆದು ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಪ್ರತಿ ಫೈಲಿಗೂ ಇದನ್ನೇ ಮಾಡುತ್ತ ಕೂರುವುದು ಬೇಡವೆಂದರೆ, ಯಾವ ಡಾಕ್ಯುಮೆಂಟೂ ತೆರೆದಿಲ್ಲದಾಗ ಬೇಸಿಕ್ ಪ್ಯಾರಾಗ್ರಾಫ್ ಶೈಲಿಯ ಜಸ್ಟಿಫಿಕೇಶನ್ ವಿಭಾಗಕ್ಕೆ ಹೋಗಿ ಕಂಪೋಸರ್ ಬದಲಿಸಿ. ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ಗೆ ಟಿಕ್ ಹಾಕಬೇಕು. ಲಿನಕ್ಸ್‌ನಲ್ಲಿ ಪುಟಜೋಡಣೆಗೆ ಸ್ಕ್ರೈಬಸ್ ಬಳಸುವವರು 1.4ನೇ ಸರಣಿಯನ್ನು ಮುಟ್ಟಬೇಡಿ, ಅದಕ್ಕೆ ಒತ್ತಕ್ಷರ ಬರುವುದಿಲ್ಲ. 2024ರ 1.6 ಆವೃತ್ತಿಗೆ ಬರುತ್ತದೆ.

ಹಳೆಯ ಪುಟಜೋಡಣೆ ತಂತ್ರಾಂಶ ಪೇಜ್‌ಮೇಕರ್‌ನಲ್ಲೇ ಉಳಿದಿರುವವರಿಗೆ ಒಂದು ಮಾತು. 2001ರಲ್ಲಿ ಬಂದ 7ನೇ ಆವೃತ್ತಿಯೇ ಅದರ ಕೊನೆ, ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಅದರ ಫೈಲುಗಳನ್ನು ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ತೆರೆಯುತ್ತಿದ್ದವು, ಆಮೇಲಿನವು ತೆರೆಯುವುದಿಲ್ಲ. ಹಾಗಾಗಿ ಹೊಸ ಯಂತ್ರ ಬಂತೆಂದು ಹಳೆಯದನ್ನು ಗುಜರಿಗೆ ಹಾಕಬೇಡಿ. ಮೊದಲು ಪಠ್ಯ ಹೊರತೆಗೆದು ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಕ್ಕೆ ಕೊಡುವ ಮುನ್ನ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸಗಳನ್ನು ಬೇರೆ ಎತ್ತಿಡಿ. ರೋಮನ್ ಅಕ್ಷರವೆಲ್ಲ ಕನ್ನಡದ ಸಂಕೇತವೆಂದೇ ಅದು ತಿಳಿಯುವುದರಿಂದ ಅವೂ ಕಲಸುಮೇಲೋಗರವಾಗುತ್ತವೆ. ಅರ್ಕಾವತ್ತಿರುವ ಪದಗಳನ್ನು ಕಣ್ಣಿಟ್ಟು ಓದಿ. ಆಸ್ಕಿಯಲ್ಲಿ ಅದು ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಪರಿವರ್ತಕ ಜಾರುವುದು ಅಲ್ಲೇ.

ಹಂತ 3: ಪ್ರೆಸ್, ಫ್ಲೆಕ್ಸ್ ಅಂಗಡಿ

ನೀವು ಕೆಲಸ ಕೊಡುವ ಪ್ರೆಸ್‌ನಲ್ಲಿ ಎರಡೇ ಪ್ರಶ್ನೆ ಕೇಳಿ. ಪಿಡಿಎಫ್ ಸಾಕೋ, ಕೋರೆಲ್ ಫೈಲೇ ಬೇಕೋ? ಕೋರೆಲ್ ಆದರೆ ಯಾವ ಆವೃತ್ತಿ? ಪಿಡಿಎಫ್ ಸಾಕೆಂದರೆ ಯಾವ ಕಂಪ್ಯೂಟರಾದರೂ ನಡೆಯುತ್ತದೆ. ಫಾಂಟ್ ಒಳಗೇ ಸೇರಿಸಿ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿಹೋಗುವ ಹೆಚ್ಚುವರಿ ಅಂಚು) ಬಿಟ್ಟು ಕಳಿಸಿ. ಕೋರೆಲ್ಲೇ ಬೇಕೆಂದರೆ ಪಠ್ಯವನ್ನೆಲ್ಲ ಆರಿಸಿ ಕಂಟ್ರೋಲ್-ಕ್ಯೂ ಒತ್ತಿ ಕರ್ವ್ (ಅಕ್ಷರವನ್ನು ಬರೀ ರೇಖಾಚಿತ್ರವಾಗಿಸುವುದು) ಮಾಡಿ, ಅವರ ಆವೃತ್ತಿಗೆ ಇಳಿಸಿ ಉಳಿಸಿ. ಕರ್ವ್ ಆದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ, ಮೂಲ ಫೈಲ್ ಬೇರೆ ಹೆಸರಿನಲ್ಲಿರಲಿ.

ಸ್ವಂತ ಫ್ಲೆಕ್ಸ್ ಯಂತ್ರವೋ ವಿನೈಲ್ ಕಟ್ಟರೋ ಇದ್ದರೆ ಲೆಕ್ಕ ಬೇರೆ. ಅವುಗಳ ಡ್ರೈವರ್, ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಕೀಲಿ) ಹಾಕಿ ಓಡಿಸುವ, ಫೈಲನ್ನು ಮುದ್ರಣ ಯಂತ್ರಕ್ಕೆ ತಕ್ಕಂತೆ ಬದಲಿಸುವ ರಿಪ್ ತಂತ್ರಾಂಶ ಸಾಮಾನ್ಯವಾಗಿ ವಿಂಡೋಸ್‌ಗೇ ಬರುತ್ತವೆ. ‘ಮ್ಯಾಕ್ ತಗೊಂಡು ಒಳಗೆ ವಿಂಡೋಸ್ ಹಾಕಿಕೊಂಡರಾಯಿತು’ ಎಂಬ ಸಲಹೆ ಈಗ ಚಲಾವಣೆ ಕಳೆದುಕೊಂಡಿದೆ. 2020ರ ಕೊನೆಗೆ ಎಂ1 ಚಿಪ್ ಬಂದ ಮೇಲೆ ಆಪಲ್ ತನ್ನದೇ ಚಿಪ್‌ಗೆ ಹೊರಳಿತು. ಮ್ಯಾಕ್‌ನಲ್ಲಿ ನೇರವಾಗಿ ವಿಂಡೋಸ್ ಹಾಕಲು ಬಿಡುತ್ತಿದ್ದ ಬೂಟ್‌ಕ್ಯಾಂಪ್ ಅವುಗಳಲ್ಲಿ ಇಲ್ಲ. ಮ್ಯಾಕ್‌ನ ಒಳಗೇ ವಿಂಡೋಸ್ ತೆರೆಯುವ ಪ್ಯಾರಲಲ್ಸ್ ತಂತ್ರಾಂಶದೊಳಗೆ ಓಡುವುದು ಇಂಟೆಲ್‌ನದಲ್ಲ, ಆರ್ಮ್ ಚಿಪ್‌ನ ವಿಂಡೋಸ್. ಸಾಮಾನ್ಯ ವಿಂಡೋಸ್ ತಂತ್ರಾಂಶ ಅದರಲ್ಲಿ ಹೆಚ್ಚುಕಡಿಮೆ ನಡೆದೀತು, ಇಂಟೆಲ್‌ಗೆಂದು ಬರೆದ ಡ್ರೈವರ್ ಮಾತ್ರ ನಡೆಯುವುದಿಲ್ಲ. ಡಾಂಗಲ್ ಸತ್ತಂತೆ ಕೂರುತ್ತದೆ.

ಹಂತ 4: ವಿಡಿಯೋ

ಇಲ್ಲಿ ನಿರ್ಧರಿಸುವುದು ಕ್ಯಾಮೆರಾ. ಈಚಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ 10 ಬಿಟ್, 4:2:2, ಎಚ್.265 ಎಂಬ ಆಯ್ಕೆ ಇರುತ್ತದೆ, ಅಂದರೆ ಬಣ್ಣದ ವಿವರ ಹೆಚ್ಚು ಉಳಿಸಿಕೊಂಡು ಫೈಲನ್ನು ಬಿಗಿಯಾಗಿ ಕುಗ್ಗಿಸುವ ವಿಧಾನ. ಬಣ್ಣ ತಿದ್ದಲು ಚೆನ್ನ, ಕಂಪ್ಯೂಟರಿಗೆ ಮಾತ್ರ ಯಮಯಾತನೆ. ಇದನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುವ ಶಕ್ತಿ ಆಪಲ್‌ನ ಎಂ ಸರಣಿಯ ಚಿಪ್‌ಗಳಿಗಿದೆ, 11ನೇ ಪೀಳಿಗೆಯಿಂದ ಈಚಿನ ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ಗಿದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡುಗಳಿಗೆ ಇದು ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. 40ನೇ ಸರಣಿಯ ಎಷ್ಟೇ ದುಬಾರಿ ಕಾರ್ಡ್ ಹಾಕಿದರೂ ಈ ಫೈಲ್ ಟೈಮ್‌ಲೈನ್‌ನಲ್ಲಿ ತಡವರಿಸುವುದಕ್ಕೆ ಕಾರಣ ಅದೇ. ವಿಂಡೋಸ್ ಪಿಸಿ ಜೋಡಿಸುವಾಗ ನಾಲ್ಕು ಕಾಸು ಉಳಿಸಲು ಮಾದರಿ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್ ಕೊಡುವುದುಂಟು. ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ವಿಡಿಯೋ ಕೆಲಸಕ್ಕೆ ಬೇಡ.

ಲಿನಕ್ಸ್‌ನಲ್ಲಿ ರಿಸಾಲ್ವ್ ಬಳಸಲು ಹೊರಟವರಿಗೆ ಮೊದಲ ದಿನವೇ ಕಾದಿರುವ ಗುಂಡಿ ಇದು: ಉಚಿತ ಆವೃತ್ತಿ ಅಲ್ಲಿ ಎಚ್.264, ಎಚ್.265 ಫೈಲ್ ತೆರೆಯುವುದಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕದಿಂದ ವಿಡಿಯೋವನ್ನು ಎಡಿಟಿಂಗ್‌ಗೆಂದೇ ಇರುವ ಡಿಎನ್‌ಎಕ್ಸ್‌ಎಚ್‌ಆರ್ ರೂಪಕ್ಕೂ, ಧ್ವನಿಯನ್ನು ಕುಗ್ಗಿಸದ ಪಿಸಿಎಂ ರೂಪಕ್ಕೂ ಬದಲಿಸಿಕೊಳ್ಳಬೇಕು. ಹಾಗೆ ಬದಲಿಸಿದರೆ ಫುಲ್ ಎಚ್‌ಡಿಯ ಒಂದು ಗಂಟೆ, ಎಚ್‌ಕ್ಯೂ ಗುಣಮಟ್ಟದಲ್ಲಿ, ಸುಮಾರು 80 ಜಿಬಿಗೆ ಊದಿಕೊಳ್ಳುತ್ತದೆ. ಎರಡು ದಿನದ ಮದುವೆಗೆ ಇದು ಆಗುಹೋಗುವ ಮಾತಲ್ಲ.

ಮ್ಯಾಕ್‌ನಲ್ಲೂ ಒಂದು ಕಿರಿಕಿರಿ ಇದೆ. ಎಡಿಟ್ ಮಾಡುವಾಗ ಗಾಢವಾಗಿದ್ದ ಧಾರೆಸೀರೆಯ ಕೆಂಪು, ಕ್ವಿಕ್‌ಟೈಮ್‌ನಲ್ಲಿ ತೆರೆದರೆ ಮಾಸಿದಂತೆ ಕಾಣುತ್ತದೆ. ಬಣ್ಣ ಹೋಗಿಲ್ಲ, ಆಪಲ್‌ನ ಪ್ಲೇಯರ್ ಗಾಮಾವನ್ನು (ಚಿತ್ರದ ನಡುಛಾಯೆಗಳ ಬೆಳಕಿನ ಮಟ್ಟ) ಓದುವ ಬಗೆಯೇ ಬೇರೆ. ರಿಸಾಲ್ವ್‌ನಲ್ಲಿ ರೆಂಡರ್ ಮಾಡುವಾಗ ಗಾಮಾ ಟ್ಯಾಗ್ ‘ರೆಕ್.709-ಎ’ ಇಟ್ಟರೆ ವ್ಯತ್ಯಾಸ ತಗ್ಗುತ್ತದೆ. ಗಿರಾಕಿ ನೋಡುವುದು ಮನೆಯ ಟಿವಿಯಲ್ಲಾದ್ದರಿಂದ ಕೊನೆಯ ತೀರ್ಪು ಟಿವಿಯಲ್ಲೇ ಆಗಲಿ.

ಹಂತ 5: ಹಾಡು, ಚಿತ್ರ, ತ್ರೀಡಿ

ರೆಕಾರ್ಡಿಂಗ್‌ಗೆ ಮ್ಯಾಕ್ ಸಲೀಸು. ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಚುಚ್ಚಿದರೆ ಸಾಕು, ಮ್ಯಾಕ್‌ನೊಳಗಿನ ಕೋರ್ ಆಡಿಯೋ ಉಳಿದದ್ದನ್ನು ನೋಡಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಆ ಇಂಟರ್‌ಫೇಸ್ ಕಂಪನಿಯದೇ ಆಸಿಯೋ ಡ್ರೈವರ್ ಹಾಕಬೇಕು. ಹಾಕದಿದ್ದರೆ ಹಾಡುವವರಿಗೆ ತಮ್ಮ ದನಿ ತಡವಾಗಿ ಕೇಳಿ ತಾಳ ತಪ್ಪುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಂಸ್ಕರಿಸುವ ಧ್ವನಿಯ ತುಣುಕು) ಎಂದರೆ 2.7 ಮಿಲಿಸೆಕೆಂಡು, ಹಾಡಿಸುವಾಗ ಅಲ್ಲಿಡಿ. ಮಿಕ್ಸಿಂಗ್‌ಗೆ 1024ಕ್ಕೆ ಏರಿಸಿ.

ಬ್ಲೆಂಡರ್‌ನಲ್ಲಿ ತ್ರೀಡಿ ಮಾಡುವವರಿಗೆ ವಿಂಡೋಸೋ ಲಿನಕ್ಸೋ ಇಟ್ಟುಕೊಂಡು ಎನ್‌ವಿಡಿಯಾ ಕಾರ್ಡ್ ಹಾಕುವುದೇ ಕಾಸಿಗೆ ತಕ್ಕ ಕಜ್ಜಾಯ. ಪೆನ್ ಟ್ಯಾಬ್ಲೆಟ್ ಮೂರರಲ್ಲೂ ನಡೆಯುತ್ತದೆ. ವಿಂಡೋಸ್‌ನಲ್ಲಿ ಪೆನ್ನಿನ ಒತ್ತಡ ಗೆರೆಯಲ್ಲಿ ಕಾಣದಿದ್ದರೆ ಟ್ಯಾಬ್ಲೆಟ್ ಸೆಟ್ಟಿಂಗ್‌ನ ‘ವಿಂಡೋಸ್ ಇಂಕ್’ ಟಿಕ್ ಅನ್ನು ತೆಗೆದು ಅಥವಾ ಹಾಕಿ ನೋಡಿ.

ಹಂತ 6: ರ‍್ಯಾಮ್, ಡಿಸ್ಕು, ಕರೆಂಟು

ಈಗಿನ ಮ್ಯಾಕ್ ಮಿನಿ, ಮ್ಯಾಕ್‌ಬುಕ್‌ಗಳಲ್ಲಿ ರ‍್ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವ ದಿನ ಎಷ್ಟಿತ್ತೋ ಕೊನೆಯವರೆಗೆ ಅಷ್ಟೇ. ಪುಟವಿನ್ಯಾಸಕ್ಕೆ 16 ಜಿಬಿ ಸಾಕು, 4ಕೆ ವಿಡಿಯೋಗೆ 24 ಅಥವಾ 32 ನೋಡಿ. 2024ರಲ್ಲಿ 59,900 ರೂಪಾಯಿಗೆ ಬಂದ ಎಂ4 ಮ್ಯಾಕ್ ಮಿನಿಯಲ್ಲಿ 16 ಜಿಬಿ ರ‍್ಯಾಮ್ ಇತ್ತು, ಡಿಸ್ಕ್ ಮಾತ್ರ 256 ಜಿಬಿ. ಕ್ಯಾಮೆರಾ 100 ಎಂಬಿಪಿಎಸ್‌ನಲ್ಲಿ ದಾಖಲಿಸಿದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ತಲಾ ಆರು ಗಂಟೆ ಎಂದರೆ 540 ಜಿಬಿ, ಅದರ ನಕಲು ಬೇರೆ. ಹೊರಗಿನ ಎಸ್‌ಎಸ್‌ಡಿಯ ಬೆಲೆ ಸೇರಿಸಿಯೇ ಹೋಲಿಸಿ.

ಆ ಎಸ್‌ಎಸ್‌ಡಿಯನ್ನು ಮ್ಯಾಕ್, ವಿಂಡೋಸ್ ಎರಡೂ ಕಡೆ ನಡೆಯುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಮ್ಯಾಕ್‌ನ ಎಪಿಎಫ್‌ಎಸ್ ವಿಂಡೋಸ್‌ಗೆ ಕಾಣುವುದೇ ಇಲ್ಲ. ಹಳೆಯ ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹತ್ತುವುದಿಲ್ಲ. ಎಕ್ಸ್‌ಫ್ಯಾಟ್‌ಗೂ ಒಂದು ದೌರ್ಬಲ್ಯವಿದೆ: ಇಜೆಕ್ಟ್ ಮಾಡದೆ ಕಿತ್ತರೆ ಕೆಡುವ ಸಂಭವ ಎನ್‌ಟಿಎಫ್‌ಎಸ್, ಎಪಿಎಫ್‌ಎಸ್‌ಗಿಂತ ಹೆಚ್ಚು.

ಪದೇ ಪದೇ ಕರೆಂಟು ಹೋಗುವ ಊರಾದರೆ ವ್ಯಾಟ್ ಲೆಕ್ಕ ಹಾಕಿ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ತಾಳುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಪಿಸಿ ರೆಂಡರ್ ಮಧ್ಯೆ ಅದನ್ನು ಮೀರಿದರೆ ಯುಪಿಎಸ್ ಒಮ್ಮೆ ಚೀರಿ ಆರಿಹೋಗುತ್ತದೆ. ಅದಕ್ಕೆ 1 ಕೆವಿಎ ಬೇಕು. ಮ್ಯಾಕ್ ಮಿನಿಗೆ ಚಿಕ್ಕದೇ ಸಾಕು.

ಮನೆಯಲ್ಲಿ ಹಳೆಯ ಪಿಸಿ ಇದೆಯೇ? ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ಪೀಳಿಗೆಯಾದರೂ ಬೇಕು. ಅದಕ್ಕಿಂತ ಹಳೆಯದನ್ನು ಲಿನಕ್ಸ್‌ಗೆ ಬಿಟ್ಟು ಇಂಕ್‌ಸ್ಕೇಪ್, ಕ್ರಿಟಾ ಕಲಿಯಲು ಬಳಸಬಹುದು.

ಹಂತ 7: ಜೇಬಿನಲ್ಲೊಂದು ಪೆನ್‌ಡ್ರೈವ್

ಎಕ್ಸ್‌ಫ್ಯಾಟ್ ಮಾಡಿದ 32 ಜಿಬಿ ಪೆನ್‌ಡ್ರೈವ್‌ಗೆ ಇಷ್ಟು ತುಂಬಿ: ಮೇಲಿನ ಕನ್ನಡ ಸಾಲು, ನಿಮ್ಮದೇ ಕ್ಯಾಮೆರಾದ ಒಂದು ನಿಮಿಷದ ಫುಟೇಜ್, ಈಗಾಗಲೇ ಮುದ್ರಣವಾದ ಒಂದು ಕೆಲಸದ ಫೈಲ್. ಆ ಕೆಲಸದ ಮುದ್ರಿತ ಪ್ರತಿಯನ್ನೂ ಕೈಯಲ್ಲಿ ಹಿಡಿದಿರಿ. ಅಂಗಡಿಯಲ್ಲೋ, ಅಂಥದೇ ಯಂತ್ರವಿರುವ ಪರಿಚಯದವರ ಸ್ಟುಡಿಯೋದಲ್ಲೋ ಎಲ್ಲವನ್ನೂ ತೆರೆಯಿರಿ. ಲ್ಯಾಪ್‌ಟಾಪ್ ಆದರೆ ಪರದೆಯ ಪಕ್ಕ ಮುದ್ರಿತ ಪ್ರತಿ ಹಿಡಿದು ಅರಿಶಿನ, ಕುಂಕುಮದ ಬಣ್ಣ ಹೋಲಿಸಿ. ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಪರದೆ ತೋರಿಸುವ ಬಣ್ಣಗಳ ವ್ಯಾಪ್ತಿ ಕಿರಿದು, ಹೋಲಿಸುವ ಶ್ರಮವೂ ಬೇಡ. ಎಸ್‌ಆರ್‌ಜಿಬಿ 100% ಇರುವುದನ್ನು ತೋರಿಸಲು ಹೇಳಿ.