ಮೈ ಬಿಸಿಯೇರಿದ ದಿನಗಳ ಲೆಕ್ಕ

ಮೊದಲ ಸಲ ಆದದ್ದು ಮೀಟಿಂಗ್ ನಡುವೆ. ಎದೆಯಿಂದ ಕುತ್ತಿಗೆಗೆ, ಅಲ್ಲಿಂದ ಮುಖಕ್ಕೆ ಬಿಸಿ ಏರಿತು. ಎರಡು ಮೂರು ನಿಮಿಷ ಅಷ್ಟೆ. ಆಮೇಲೆ ಬೆವರು, ಅದರ ಹಿಂದೆಯೇ ಚಳಿ. ನನಗಾಗ 47. ಮುಟ್ಟು ಆಗಲೇ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು, ನಿಲ್ಲುವ ಕಾಲ ಹತ್ತಿರವಾಗಿತ್ತು.

ಅಕ್ಕನಿಗೆ ಈ ವಯಸ್ಸಿನಲ್ಲಿ ಏನೂ ಆಗಿರಲಿಲ್ಲ. ಗೆಳತಿಯೊಬ್ಬಳಿಗೆ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ದರು. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಅವಳಿಗೆ ರಾತ್ರಿ ಬಟ್ಟೆ ಬದಲಿಸುವಷ್ಟು ಬೆವರು. ಅಂಡಾಶಯದ ಹಾರ್ಮೋನ್ ಮೆಲ್ಲಗೆ ಇಳಿಯುವುದಕ್ಕೂ ಒಮ್ಮೆಲೇ ನಿಲ್ಲುವುದಕ್ಕೂ ಅಷ್ಟು ವ್ಯತ್ಯಾಸ. ನನ್ನದು ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ನೋಡಲು ಒಂದು ನೋಟ್‌ಬುಕ್ ಇಟ್ಟೆ.

ಬಿಸಿಯೇರಿದಾಗಲೆಲ್ಲ ನಾಲ್ಕು ವಿಷಯ ಬರೆಯುತ್ತಿದ್ದೆ: ಎಷ್ಟು ಗಂಟೆ, ಅದಕ್ಕೆ ಮೊದಲು ಏನು ಮಾಡುತ್ತಿದ್ದೆ, ಏನು ತಿಂದೆ ಕುಡಿದೆ, ಹಿಂದಿನ ರಾತ್ರಿ ನಿದ್ದೆ ಎಷ್ಟು. ಮೊದಲ ವಾರ ಬರೆಯುವುದೇ ಮರೆತುಹೋಗುತ್ತಿತ್ತು. ಆರು ವಾರ ಆದ ಮೇಲೆ ಕೂತು ಓದಿದೆ.

ನನ್ನ ಅನುಮಾನ ಇದ್ದದ್ದು ಕಾಫಿಯ ಮೇಲೆ. ಎರಡು ವಾರ ಪೂರ್ತಿ ಬಿಟ್ಟು ನೋಡಿದೆ. ಹಗಲಿನಲ್ಲಿ ಏನೂ ಬದಲಾಗಲಿಲ್ಲ! ಆದರೆ ರಾತ್ರಿ ಎಚ್ಚರವಾಗುವುದು ಕಡಿಮೆಯಾಯಿತು. ಈಗ ಬೆಳಗಿನ ಕಾಫಿ ಇದೆ, ಸಂಜೆಯದು ಇಲ್ಲ. ನಿಜವಾದ ಕಳ್ಳ ಬೇರೆ. ನಿದ್ದೆಗೆಟ್ಟ ಮರುದಿನ, ಅವಸರದಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಿಸಿ ಜಾಸ್ತಿ ಏರುತ್ತಿತ್ತು. ಡಾಕ್ಟರ್ ಹೇಳಿದ ಮೇಲೆ ಕಾರಣ ಅರ್ಥವಾಯಿತು. ಈಸ್ಟ್ರೋಜೆನ್ ಎಂಬ ಆ ಹಾರ್ಮೋನ್ ಇಳಿದಾಗ ಮಿದುಳು ಸಹಿಸಿಕೊಳ್ಳುವ ಶಾಖದ ಅಳತೆ ಕಿರಿದಾಗುತ್ತದೆ. ಮೈ ಸ್ವಲ್ಪ ಬಿಸಿಯಾದರೂ ಸಾಕು, ಚರ್ಮದ ರಕ್ತನಾಳ ಹಿಗ್ಗಿಸಿ ಬೆವರಿಸಿಬಿಡುತ್ತದೆ. ಸಿಗರೇಟು ಸೇದುವವರಿಗೆ, ಆತಂಕ ಜಾಸ್ತಿ ಇರುವವರಿಗೆ ಈ ಕಾಟ ಇನ್ನೂ ಹೆಚ್ಚಂತೆ. ಮೊದಲನೆಯದು ನನಗಿಲ್ಲ. ಎರಡನೆಯದು ಬೇಕಾದಷ್ಟಿದೆ.

ನೋಟ್‌ಬುಕ್ಕಿನಿಂದ ಇನ್ನೊಂದು ಗೊತ್ತಾಯಿತು. ಬಿಸಿ ಏರದಿದ್ದಾಗಲೂ ಎದೆ ಢವಢವ ಎನ್ನುತ್ತಿತ್ತು. ನಾನು ಎಲ್ಲವನ್ನೂ ಮುಟ್ಟು ನಿಲ್ಲುವುದರ ತಲೆಗೆ ಕಟ್ಟಿದ್ದೆ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಹಾರ್ಮೋನ್ ಜಾಸ್ತಿ ಎಂದು ಬಂತು. ಅದಕ್ಕೆ ಮಾತ್ರೆ ಶುರುವಾದ ಮೇಲೆ ಢವಢವ ನಿಂತಿತು, ಬೆವರೂ ಅರ್ಧಕ್ಕರ್ಧ ಇಳಿಯಿತು.

ಒಂದು ತೊಂದರೆಯನ್ನು ಮಾತ್ರ ನೋಟ್‌ಬುಕ್ಕಿನಲ್ಲೂ ಬರೆದಿರಲಿಲ್ಲ. ಯೋನಿ ಒಣಗಿ ಉರಿಯುವುದು. ಮೂರನೇ ಭೇಟಿಯಲ್ಲಿ, ಕುರ್ಚಿಯಿಂದ ಎದ್ದು ಬಾಗಿಲ ಹತ್ತಿರ ಹೋಗಿ, ತಿರುಗಿ ಹೇಳಿದೆ. ಡಾಕ್ಟರ್ ಮತ್ತೆ ಕೂರಿಸಿದರು. ಬಿಸಿಯೇರುವುದು ಕಾಲ ಕಳೆದಂತೆ ಕಡಿಮೆಯಾಗಬಹುದು, ಇದು ತಾನಾಗಿ ಹೋಗುವುದು ಅಪರೂಪ ಎಂದರು. ಹಚ್ಚಿಕೊಳ್ಳಲು ಈಸ್ಟ್ರೋಜೆನ್ ಕ್ರೀಮ್ ಕೊಟ್ಟರು. ಸುಮ್ನೆ ಒಂದು ವರ್ಷ ಒದ್ದಾಡಿದೆ, ಅಲ್ವಾ?

ಎರಡು ವರ್ಷ ಸಹಿಸಿಕೋ, ಸರಿಹೋಗುತ್ತದೆ ಎಂದು ಹೇಳುವವರು ತುಂಬಾ ಜನ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ಮೇಲೆ ನಡೆದ ಅಮೆರಿಕದ ಸ್ವಾನ್ ಅಧ್ಯಯನದಲ್ಲಿ ಆಗಾಗ ಬಿಸಿಯೇರುತ್ತಿದ್ದ ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಅದು 7 ವರ್ಷಕ್ಕೂ ಮೀರಿ ಇತ್ತು. ಮುಟ್ಟು ನಿಲ್ಲುವ ಮೊದಲೇ ಶುರುವಾದವರಿಗೆ ಇನ್ನೂ ಉದ್ದ. ಅಂದರೆ ನನ್ನಂಥವರಿಗೆ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಈಗ ತಿಂಗಳ ಲೆಕ್ಕ ಮಾತ್ರ. ಸತತ 12 ತಿಂಗಳು ಮುಟ್ಟಾಗದಿದ್ದರೆ ನಿಂತಂತೆ. ಆಮೇಲೆ ಒಂದು ಹನಿ ರಕ್ತ ಕಂಡರೂ ಕಾಯದೆ ಬರಬೇಕು ಎಂದು ಡಾಕ್ಟರ್ ಹೇಳಿದ್ದನ್ನು ಅಲ್ಲೇ ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದೇನೆ. ಹೋದ ಸಲ ಒಂಬತ್ತಕ್ಕೆ ಬಂದು ಲೆಕ್ಕ ಮತ್ತೆ ಸೊನ್ನೆಗೆ ಹೋಗಿತ್ತು. ಈ ಸಲ ಹನ್ನೊಂದು.