24 ತಾಸಿನ ಕುಕಿ, ನಾಲ್ಕು ದಿನದ ಗಿರಾಕಿ

ಹುಬ್ಬಳ್ಳಿಯಲ್ಲಿ ಕೂತು ಕೃಷಿ ಸಲಕರಣೆಗಳ ಬಗ್ಗೆ ಕನ್ನಡದಲ್ಲಿ ಬರೆಯುವ ಸೈಟು ನನ್ನದು. ಹೊಸ ಅಫಿಲಿಯೇಟ್ ಪ್ರೋಗ್ರಾಂ (ನನ್ನ ಲಿಂಕಿನಿಂದ ಹೋದವರು ಕೊಂಡರೆ ಕಂಪನಿ ನನಗೆ ಕಮಿಷನ್ ಕೊಡುವ ಏರ್ಪಾಟು) ಸಿಕ್ಕರೆ ಮೊದಲು ಕುಕಿ ಎಷ್ಟು ತಾಸು ಎಂದು ನೋಡುತ್ತೇನೆ; ಗಿರಾಕಿ ನನ್ನ ಲಿಂಕಿನಿಂದ ಬಂದ ಎಂದು ಅವನ ಫೋನಿನಲ್ಲಿ ಕೂರುವ ಗುರುತು ಅದು. ಆಮೇಲೆ ಬೆಲೆ ಹಾಕುವ ನಿಯಮ, ಆಮೇಲೆ ಖಾತೆ ಮುಚ್ಚುವ ಷರತ್ತು. ಕಮಿಷನ್ ನಾಲ್ಕನೆಯದು.

ಕುಕಿಯ ಲೆಕ್ಕ ನಮ್ಮ ಕಡೆಯ ಗಿರಾಕಿಗೆ ಹೊಂದುವುದೇ ಕಷ್ಟ. ಅಮೆಜಾನ್‌ನಲ್ಲಿ ಲಿಂಕ್ ಒತ್ತಿ 24 ತಾಸಿನೊಳಗೆ ಕೊಂಡರೆ ಕಮಿಷನ್. ಅಷ್ಟರೊಳಗೆ ಕಾರ್ಟಿಗೆ ಹಾಕಿಟ್ಟರೆ 90 ದಿನದವರೆಗೆ ಅವಕಾಶ. ಬ್ಯಾಡಗಿಯ ರೈತ 16 ಲೀಟರಿನ ಬ್ಯಾಟರಿ ಪಂಪಿನ ಬಗ್ಗೆ ರಾತ್ರಿ ಓದುತ್ತಾನೆ (ಬೆಳೆಗೆ ಔಷಧಿ ಸಿಂಪಡಿಸುವುದು, ನಮ್ಮಲ್ಲಿ ಅದು ಎಣ್ಣಿ ಹೊಡಿಯೋ ಪಂಪು). ಮರುದಿನ ಪ್ಯಾಟಿಗೆ ಹೋಗಿ, ಅಂಗಡಿಯಲ್ಲಿ ಅಂಥದ್ದೇ ಪಂಪನ್ನು ಬೆನ್ನಿಗೇರಿಸಿ ಭಾರ ನೋಡಿ, ದರ ಕೇಳಿ ಬರುತ್ತಾನೆ. ಮನೆಯಲ್ಲಿ ಮಾತಾಗಬೇಕು. ನಾಲ್ಕನೆಯ ದಿನ ಆರ್ಡರ್ ಹಾಕುವುದು ಮಗನ ಫೋನಿನಿಂದ. ಕುಕಿ ಕೂತದ್ದು ಅಪ್ಪನ ಫೋನಿನಲ್ಲಿ, ಅದೂ ಎಂದೋ ಸತ್ತಿರುತ್ತದೆ. ನನ್ನ ಪಾಲು ಸೊನ್ನೆ.

ಅದಕ್ಕೇ ದೊಡ್ಡ ಪಂಪು, ಕಳೆ ಕತ್ತರಿಸುವ ಮಷಿನ್‌ಗಳಿಗೆ 30 ದಿನದ ಕುಕಿ ಕೊಡುವ ಪ್ರೋಗ್ರಾಂ ಹಾಕುತ್ತೇನೆ, ಕಮಿಷನ್ ಒಂದು ಪರ್ಸೆಂಟ್ ಕಡಿಮೆಯಿದ್ದರೂ ಸರಿ. 24 ತಾಸಿನ ಲಿಂಕಿಗೆ ನಾಜಲ್, ವಾಷರ್ ಸೆಟ್, 12 ವೋಲ್ಟ್ ಚಾರ್ಜರ್, ತಲೆಗೆ ಕಟ್ಟುವ ಟಾರ್ಚು: ಯಾರನ್ನೂ ಕೇಳದೆ ಕೊಳ್ಳುವ ಸಾಮಾನು. ‘ಕಾರ್ಟಿಗೆ ಹಾಕಿಡಿ’ ಎಂದು ಓದುಗರಿಗೆ ಹೇಳಿಕೊಡಲು ಹೋಗುವುದಿಲ್ಲ; ಪಂಪಿನ ಬಗ್ಗೆ ಬರೆಯುವ ಜಾಗದಲ್ಲಿ ನನ್ನ ಕಮಿಷನ್ನಿನ ಪುರಾಣ ಯಾಕೆ?

ಬೆಲೆಯ ನಿಯಮದ ತಾಪತ್ರಯ ಬೇರೆ. ಅಮೆಜಾನ್ ಬೆಲೆಯನ್ನು ಕೈಯಿಂದ ಟೈಪ್ ಮಾಡಿ ಹಾಕುವಂತಿಲ್ಲ, ಅವರ ಎಪಿಐ (ಅವರ ಸರ್ವರಿನಿಂದ ಬೆಲೆಯನ್ನು ತಾನಾಗಿ ತರುವ ವ್ಯವಸ್ಥೆ) ಮೂಲಕವೇ ಬರಬೇಕು. ಅವರ ಫೋಟೊ ಇಳಿಸಿಕೊಂಡು ನಮ್ಮ ಸರ್ವರಿನಲ್ಲಿ ಇಡುವಂತೆಯೂ ಇಲ್ಲ. ನಿಯಮಕ್ಕೆ ಅರ್ಥವಿದೆ: 40 ಪುಟ, ಪುಟಕ್ಕೆ 6 ಸಾಮಾನು ಎಂದರೆ 240 ಬೆಲೆ; ಸೇಲ್ ಬಂದ ದಿನ ಎಲ್ಲವೂ ಸುಳ್ಳು. ಆದರೆ ನಮ್ಮ ಓದುಗ ಮೊದಲು ಕೇಳುವುದೇ ‘ಎಷ್ಟರೀ?’ ಎಂದು. ಬೆಲೆಯಿಲ್ಲದ ಪುಟದಿಂದ ಹಿಂದಿರುಗುವವರು ಇದ್ದೇ ಇರುತ್ತಾರೆ, ಆ ನಷ್ಟ ಒಪ್ಪಿಕೊಂಡಿದ್ದೇನೆ. ಬೆಲೆಯ ಜಾಗದಲ್ಲಿ ಬ್ಯಾಟರಿ 8 ಆಂಪಿಯರ್-ಅವರ್‌ನದೋ 12ರದೋ, ತುಂಬಿದಾಗ ಬೆನ್ನಿಗೆ ಎಷ್ಟು ಕೆಜಿ ಬೀಳುತ್ತದೆ ಎಂದು ಬರೆಯುತ್ತೇನೆ. ನೀರೇ 16 ಕೆಜಿ, ಅದರ ಮೇಲೆ ಪಂಪಿನದು. ಫೋಟೊ ನನ್ನದೇ.

ಹೊಸದಾಗಿ ಅಮೆಜಾನ್ ಸೇರುವವರು 180 ದಿನದಲ್ಲಿ 3 ಮಾರಾಟ ತೋರಿಸದಿದ್ದರೆ ಖಾತೆ ಮುಚ್ಚುತ್ತದೆ. ಸೈಟು ಖಾಲಿಯಿರುವಾಗ ಅರ್ಜಿ ಹಾಕುವುದು ಎಲ್ಲರೂ ಮಾಡುವ ತಪ್ಪು. ಹತ್ತಿಪ್ಪತ್ತು ಪುಟ ನಿಂತು, ಗೂಗಲ್‌ನಿಂದ ಜನ ಬರತೊಡಗಿದ ಮೇಲೆ, ಮುಂಗಾರಿನ ಮುಂಚೆ ಹಾಕಿ. ಪಂಪು ಹುಡುಕುವ ಕಾಲ ಆ 180 ದಿನದೊಳಗೆ ಬೀಳಬೇಕು. ಲೆಕ್ಕ ತುಂಬಿಸಲು ನಿಮ್ಮದೇ ಲಿಂಕಿನಿಂದ ಕೊಳ್ಳಬೇಡಿ, ಅದು ಎಣಿಕೆಗೂ ಬರುವುದಿಲ್ಲ, ಖಾತೆಗೂ ಕುತ್ತು.

ಕಮಿಷನ್ ಸಿಗುತ್ತದೆ ಎಂದು ಪುಟದಲ್ಲಿ ತಿಳಿಸುವುದು, ಲಿಂಕಿಗೆ ‘ಸ್ಪಾನ್ಸರ್ಡ್’ ಗುರುತು ಹಾಕುವುದು, ಕಂಪನಿಯ ಹೆಸರು ಹುಡುಕುವವರಿಗೆ ಕಾಣುವಂತೆ ದುಡ್ಡು ಕೊಟ್ಟು ಜಾಹೀರಾತು ಹಾಕದಿರುವುದು: ಇವು ಕಟ್ಟುನಿಟ್ಟಾದರೂ ಕಾಸಿನ ಖರ್ಚಿಲ್ಲ. ಪ್ರಚಾರದ ಹುರುಪು ಇಳಿಯುವುದು ‘ಯಾವಾಗ ಬೇಕಾದರೂ, ಕಾರಣ ಹೇಳದೆ, ಬಾಕಿ ಹಣ ತಡೆಹಿಡಿಯಬಹುದು’ ಎಂಬ ಸಾಲು ಕಂಡಾಗ. ಮಾರಾಟದ ತಿಂಗಳು ಮುಗಿದು 60 ದಿನಕ್ಕೆ ದುಡ್ಡು ಬರುವ ಕಡೆ ಆ ಸಾಲಿದ್ದರೆ, ಎರಡು-ಮೂರು ತಿಂಗಳ ಗಳಿಕೆ ಸದಾ ಅವರ ಕೈಯಲ್ಲೇ. ಅಂಥ ಪ್ರೋಗ್ರಾಂಗೆ ಹಳೆಯ ಪುಟದಲ್ಲಿ ಒಂದು ಲಿಂಕ್ ಕೊಟ್ಟೇನು, ಹೊಸ ಪುಟ ಬರೆಯುವುದಿಲ್ಲ.

ದರವೂ ಸ್ಥಿರವಲ್ಲ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಅಮೆಜಾನ್ ಮನೆ ದುರಸ್ತಿ ಸಾಮಾನಿನ ಕಮಿಷನ್ನನ್ನು 8ರಿಂದ 3 ಪರ್ಸೆಂಟಿಗೆ ಇಳಿಸಿತು. ಹಾಗಾಗಿ ಒಂದೇ ಪ್ರೋಗ್ರಾಂಗೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಲಿಂಕ್ ಕೊಡುವುದಿಲ್ಲ. ಎಕ್ಸೆಲ್ ಶೀಟಿನಲ್ಲಿ ಪುಟ, ಪ್ರೋಗ್ರಾಂ, ಟ್ಯಾಗ್ (ಲಿಂಕಿನಲ್ಲಿರುವ ನನ್ನ ಗುರುತಿನ ಕೋಡು), ಕುಕಿ, ಷರತ್ತು ಓದಿದ ತಾರೀಖು, ಹೀಗೆ ಐದು ಕಾಲಂ. ‘ಷರತ್ತು ಬದಲಾಗಿದೆ’ ಎಂಬ ಮೇಲ್ ಬಂದ ದಿನ ಕೊನೆಯ ಕಾಲಂ ತಿದ್ದುತ್ತೇನೆ, ಆ ಪ್ರೋಗ್ರಾಂನ ಪುಟಗಳನ್ನು ಒಂದೊಂದಾಗಿ ತೆರೆದು ನೋಡುತ್ತೇನೆ.